ತುಟಿ ಎತ್ತಿ ನೋಡಿದ್ದು

ನನ್ನ ಮೊಮ್ಮಗಳ ಮೇಲಿನ ಸಾಲಿನ ನಾಲ್ಕು ಹಲ್ಲು ಕೀಳಿಸಿದಾಗ ಅವಳಿಗೆ ಮೂರೂವರೆ ವರ್ಷ. ಆ ಹಲ್ಲುಗಳನ್ನು ಹಾಳು ಮಾಡಿದವಳು ನಾನು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ಹೇಳಿದರಾಯಿತು ಅಂತ ಮುಂದಕ್ಕೆ ಹಾಕಿದ್ದರಿಂದಲೇ ಅಷ್ಟೆಲ್ಲ ಆದದ್ದು.

ನಾನು ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಗುಬ್ಬಿ ಸುತ್ತಮುತ್ತಲಿನ ಪ್ರೈಮರಿ ಶಾಲೆಗಳಲ್ಲಿ ಟೀಚರ್ ಆಗಿದ್ದವಳು. ಸೋಮವಾರ ಬೆಳಿಗ್ಗೆ ಪ್ರಾರ್ಥನೆ ಮುಗಿದ ಕೂಡಲೇ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಉಗುರು, ತಲೆ, ಹಲ್ಲು ನೋಡುತ್ತಿದ್ದೆ. ಹಲ್ಲುಜ್ಜದೆ ಬಂದವರನ್ನು ನಲ್ಲಿಯ ಹತ್ತಿರ ಕಳಿಸಿ, ಉಜ್ಜಿಕೊಂಡು ಬರುವವರೆಗೆ ಒಳಗೆ ಬಿಡುತ್ತಿರಲಿಲ್ಲ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಎಂದು ಊರಿಗೆಲ್ಲ ಗೊತ್ತು. ಈಗಲೂ ಗುಬ್ಬಿ ಬಸ್ ಸ್ಟ್ಯಾಂಡಿನಲ್ಲಿ ಮೀಸೆ ಬಂದ ಗಂಡಸರು ನನ್ನನ್ನು ಕಂಡರೆ ಬಾಯಲ್ಲಿರುವ ಗುಟ್ಕಾ ಉಗಿದು ಬಂದು ಮಾತಾಡಿಸುತ್ತಾರೆ. ಇಂಥವಳ ಮಡಿಲಲ್ಲೇ ಒಂದು ಮಗುವಿನ ಹಲ್ಲು ಹುಳುಕಾಗಿ ಹೋಯಿತು.

ಮಗ ವಸಂತನರಸಾಪುರದ ಒಂದು ಫ್ಯಾಕ್ಟರಿಯಲ್ಲಿ ಮೆಷಿನ್ ನಡೆಸುತ್ತಾನೆ. ಸೊಸೆ ಅಂತರಸನಹಳ್ಳಿಯ ಗಾರ್ಮೆಂಟ್ಸ್ ಒಂದರಲ್ಲಿ ಚೆಕಿಂಗ್ ಕೆಲಸಕ್ಕೆ ಹೋಗುತ್ತಾಳೆ. ಹೊಲಿದು ಬಂದ ಬಟ್ಟೆಯಲ್ಲಿ ಎಲ್ಲಿ ಹೊಲಿಗೆ ತಪ್ಪಿದೆ, ಎಲ್ಲಿ ಕಲೆ ಕೂತಿದೆ ಎಂದು ನೋಡಿ ಬೇರೆ ತೆಗೆದಿಡುವುದು ಅವಳ ಕೆಲಸ. ಇಬ್ಬರೂ ತುಮಕೂರಿನಲ್ಲಿ ಬಾಡಿಗೆ ಮನೆ ಮಾಡಿಕೊಂಡಿದ್ದಾರೆ. ಮೊಮ್ಮಗಳಿಗೆ ಒಂದು ವರ್ಷ ತುಂಬಿದ ಮೇಲೆ ಸೊಸೆ ಕೆಲಸಕ್ಕೆ ಹೊರಟಳು, ಮಗುವನ್ನು ಗುಬ್ಬಿಯ ನಮ್ಮ ತೋಟದ ಮನೆಯಲ್ಲಿ ಬಿಟ್ಟರು. ಸೋಮವಾರ ತಂದು ಬಿಡುವುದು, ಶನಿವಾರ ಸಂಜೆ ಬಂದು ಕರೆದುಕೊಂಡು ಹೋಗುವುದು. ನಿವೃತ್ತಿಯಾದ ಮೇಲೆ ಕೈಗೆ ಕೆಲಸವಿಲ್ಲದೆ ಯಜಮಾನರ ಮೇಲೆ ರೇಗುತ್ತ ಕೂತಿದ್ದ ನನಗೆ ಆ ಮಗು ಬಂದದ್ದು ಹೋದ ಜೀವ ಬಂದ ಹಾಗಾಯಿತು.

ಪ್ರೀತಿ ಅಂದರೆ ನಮ್ಮಲ್ಲಿ ಸಿಹಿ. ಅಟ್ಟದಿಂದ ಇಳಿಸಿದ ಕೊಬ್ಬರಿಯ ಚೂರಿಗೆ ಬೆಲ್ಲ ಸೇರಿಸಿ ಕೈಗೆ ಕೊಟ್ಟರೆ ಮಗು ಅರ್ಧ ಗಂಟೆ ಚೀಪುತ್ತ ಕೂರುತ್ತಿತ್ತು. ಮಕ್ಕಳಿರುವ ಮನೆಗೆ ಬರಿಗೈಯಲ್ಲಿ ಯಾರೂ ಬರುವುದಿಲ್ಲ. ತೆಂಗಿನಕಾಯಿ ಕೀಳುವವನಿಂದ ಹಿಡಿದು ಮೀಟರ್ ಓದುವವನವರೆಗೆ ಎಲ್ಲರ ಜೇಬಿನಲ್ಲೂ ಒಂದು ಬಿಸ್ಕತ್ ಪೊಟ್ಟಣ. ಮಧ್ಯಾಹ್ನ ಮಲಗಿಸುವುದಕ್ಕೆ ಬಾಟಲಿಯಲ್ಲಿ ಹಾಲು, ಹಾಲಿಗೆ ಬೆಲ್ಲ. ಬಾಟಲಿ ಬಾಯಲ್ಲಿದ್ದ ಹಾಗೇ ಕಣ್ಣು ಮುಚ್ಚುತ್ತಿದ್ದಳು. ನಾನೂ ಬಾಟಲಿ ತೆಗೆಯುತ್ತಿರಲಿಲ್ಲ, ತೆಗೆದರೆ ಎಚ್ಚರವಾಗುತ್ತಾಳೆಂದು. ಭಾನುವಾರ ಮಲಗದೆ ಹಟ ಮಾಡುತ್ತಾಳೆ ಎಂದು ಮಗ ಗೋಳಾಡಿದಾಗ ಈ ಉಪಾಯವನ್ನು ಅವನಿಗೂ ಹೇಳಿಕೊಟ್ಟೆ. ದೊಡ್ಡ ವಿದ್ಯೆ ಕಲಿಸಿದವಳ ಹಾಗೆ ಬೀಗಿಕೊಂಡೇ ಹೇಳಿಕೊಟ್ಟೆ.

ಅವಳಿಗೆ ಎರಡೂ ಮುಕ್ಕಾಲು ವರ್ಷವಿದ್ದಾಗ ಒಂದು ಬೆಳಿಗ್ಗೆ ಹಿತ್ತಲ ಬಿಸಿಲಿನಲ್ಲಿ ನೀರು ಹಾಕುತ್ತಿದ್ದೆ. ಹುಣಸೆ ಬಡಿಯುವ ಕಾಲ. ತಲೆಯ ಮೇಲೆ ನೀರು ಬಿದ್ದು ಅವಳು ಬಾಯಿ ತೆರೆದು ನಕ್ಕಾಗ ಮೇಲಿನ ಹಲ್ಲುಗಳ ಬುಡದಲ್ಲಿ, ವಸಡಿಗೆ ಅಂಟಿಕೊಂಡ ಹಾಗೆ, ಒಂದು ಬಿಳಿ ಗೆರೆ ಕಂಡಿತು. ಸೀಮೆಸುಣ್ಣದಲ್ಲಿ ಎಳೆದ ಗೆರೆಯಂತಿತ್ತು. ಬೆರಳಿನಿಂದ ಉಜ್ಜಿದೆ, ಹೋಗಲಿಲ್ಲ. ಎದೆಯಲ್ಲಿ ಸಣ್ಣಗೆ ಏನೋ ಚುಚ್ಚಿದ್ದು ನಿಜ. ಆದರೆ ಅದಕ್ಕೆ ಉತ್ತರ ನನ್ನ ಬಳಿ ಸಿದ್ಧವಾಗಿತ್ತು. ನಮ್ಮ ಕಡೆ ಬೋರ್‌ವೆಲ್ ನೀರು ಕುಡಿದವರ ಹಲ್ಲಲ್ಲಿ ಕಲೆ ಇರುವುದು ಹೊಸದಲ್ಲ. ನನ್ನ ತರಗತಿಯಲ್ಲಿ ಎಷ್ಟೋ ಮಕ್ಕಳ ಹಲ್ಲು ಹಳದಿ, ಕಂದು ಪಟ್ಟೆಯಾಗಿಯೇ ಇದ್ದವು. ಫ್ಲೋರೈಡ್ ನೀರು ಎಂದು ಟ್ರೈನಿಂಗಿನಲ್ಲಿ ನಮಗೆ ಹೇಳಿಯೂ ಇದ್ದರು. ಇದೂ ಅದೇ, ನೀರಿನ ಕಲೆ, ಎಂದುಕೊಂಡೆ. ಅರ್ಧ ಓದಿದವರಿಗೆ ಸಿಗುವ ಧೈರ್ಯ ಅದು.

ಬಿಳಿ ಗೆರೆ ಹಳದಿಯಾಯಿತು. ಹಳದಿ ಕಂದಾಯಿತು. ಇಷ್ಟರಲ್ಲಿ ನನಗೆ ಒಳಗೇ ಗೊತ್ತಾಗಿತ್ತು. ಇಲ್ಲದಿದ್ದರೆ ಶನಿವಾರ ಮಧ್ಯಾಹ್ನ, ಮಗ ಸೊಸೆ ಬರುವ ಮುಂಚೆ, ಬೆರಳಿಗೆ ಉಪ್ಪು ಹಚ್ಚಿಕೊಂಡು ಆ ಹಲ್ಲುಗಳನ್ನು ಯಾಕೆ ತಿಕ್ಕುತ್ತಿದ್ದೆ? ಮಗು ಉರಿಯೆಂದು ಅಳುತ್ತಿತ್ತು. ಅತ್ತ ಮೇಲೆ ಸಮಾಧಾನಕ್ಕೆ ಮತ್ತೆ ಬೆಲ್ಲ. ಇದನ್ನು ಬರೆಯುವಾಗ ನನ್ನ ಮೇಲೆ ನನಗೇ ಅಸಹ್ಯವಾಗುತ್ತದೆ.

ಸೊಸೆ ಒಮ್ಮೆ ಕೇಳಿದಳು, ಇದೇನತ್ತೆ ಕಪ್ಪಗೆ ಎಂದು. ದಿನಕ್ಕೆ ನೂರಾರು ಬಟ್ಟೆಯಲ್ಲಿ ಕಲೆ ಹುಡುಕುವ ಕಣ್ಣು ಅವಳದು, ತಪ್ಪುತ್ತದೆಯೇ?

"ನೀರಿನ ಕಲೆ ಕಣವ್ವ. ಹಾಲುಹಲ್ಲು ತಾನೇ, ಹೆಂಗೂ ಬಿದ್ದೋಯ್ತವೆ. ಬುಡು," ಅಂದೆ.

ಟೀಚರ್ ಹೇಳಿದ್ದೆಂದು ಅವಳು ನಂಬಿದಳು.

ಆ ಗೆರೆ ಕಂಡ ಎಂಟನೆಯ ತಿಂಗಳಿಗೆ ಮಗುವಿನ ಮೇಲ್ತುಟಿ, ಮೂಗಿನ ಪಕ್ಕ ಊದಿಕೊಂಡಿತು. ಜ್ವರ ಏರಿತು. ನೀರು ಕುಡಿಯುವುದಕ್ಕೂ ಬಾಯಿ ತೆರೆಯದೆ ಬರೀ ನರಳುತ್ತಿದ್ದಳು. ತುಮಕೂರಿಗೆ ಎತ್ತಿಕೊಂಡು ಓಡಿದೆ, ಸೊಸೆ ಫ್ಯಾಕ್ಟರಿಯಿಂದ ನೇರ ಹಲ್ಲಿನ ಆಸ್ಪತ್ರೆಗೆ ಬಂದಳು. ಮಕ್ಕಳ ಹಲ್ಲಿನ ಡಾಕ್ಟರು ವಯಸ್ಸಿನಲ್ಲಿ ಚಿಕ್ಕ ಹೆಣ್ಣುಮಗಳು. ತುಟಿ ಎತ್ತಿ ನೋಡಿ, ಬೇರಿನವರೆಗೆ ಕೀವಾಗಿದೆ, ನಾಲ್ಕೂ ಉಳಿಯುವುದಿಲ್ಲ ಎಂದರು. ಬಾಟಲಿಯ ಸಿಹಿ ಹಾಲು ಬಾಯಲ್ಲಿಟ್ಟುಕೊಂಡು ನಿದ್ದೆ ಮಾಡಿದರೆ ಮೊದಲು ಹೋಗುವುದು ಇದೇ ನಾಲ್ಕು ಹಲ್ಲು. ಹಾಲುಹಲ್ಲು ಬೀಳುವುದು ಆರೇಳು ವರ್ಷಕ್ಕೆ, ಅಲ್ಲಿಯವರೆಗೆ ಮಗು ಕಚ್ಚಬೇಕು, ಮಾತಾಡಬೇಕು, ನಗಬೇಕು ಎಂದರು. ನಾನು ನೀರಿನ ಕಲೆ ಎಂದು ಗೊಣಗಿದೆ. ನೀರಿನ ಕಲೆ ಹೆಚ್ಚಾಗಿ ಬರುವುದು ಆಮೇಲೆ ಹುಟ್ಟುವ ಹಲ್ಲಿಗೆ, ಅದು ಹೀಗೆ ವಸಡಿನ ಅಂಚು ಹಿಡಿದು ತಿನ್ನುವುದಿಲ್ಲ ಎಂದರು. ಆಮೇಲೆ ಕೇಳಿದರು, ಮೊದಲು ಬಿಳಿ ಗೆರೆ ಕಂಡದ್ದು ಯಾವಾಗ, ಆಗಲೇ ಬಂದಿದ್ದರೆ ನಿಲ್ಲಿಸಬಹುದಿತ್ತು, ಎಂದು.

ಸೊಸೆ ನನ್ನ ಮುಖ ನೋಡಿದಳು.

"ಈಚೆಗೆ. ಒಂದೆರಡು ವಾರ ಆಯ್ತೇನೋ," ಅಂದೆ.

ಮಗುವಿಗೆ ಮತ್ತು ಬರಿಸಿ ಹಲ್ಲು ತೆಗೆದರು. ನಾವಿಬ್ಬರೂ ಹೊರಗಿನ ಬೆಂಚಿನಲ್ಲಿ, ನಡುವೆ ಒಬ್ಬರು ಕೂರುವಷ್ಟು ಜಾಗ ಬಿಟ್ಟು ಕೂತಿದ್ದೆವು. ಅಷ್ಟು ಚಿಕ್ಕ ಮಗುವಿಗೆ ಮತ್ತು ಕೊಟ್ಟರೆ ಮತ್ತೆ ಎಚ್ಚರವಾಗುತ್ತದೋ ಇಲ್ಲವೋ ಎಂದು ನನ್ನ ಜೀವ ಬಾಯಿಗೆ ಬಂದಿತ್ತು. ನರ್ಸು ಬಂದು ಎಲ್ಲ ಸರಿಯಾಗಿದೆ ಎಂದ ಮೇಲೆ ಸೊಸೆ ಒಂದೇ ಮಾತು ಆಡಿದಳು. "ಅತ್ತೆ, ನಿಮ್ಮನ್ನ ನಂಬಿ ಬಿಟ್ಟಿದ್ದೆ ನಾನು." ಬೈದಿದ್ದರೆ ನಾನೂ ಬೈಯುತ್ತಿದ್ದೆ, ಅದರಲ್ಲಿ ನನ್ನನ್ನು ಮೀರಿಸುವವರಿಲ್ಲ. ಅವಳು ಬೈಯಲಿಲ್ಲ. ಮಗ ಆವತ್ತು ಡ್ಯೂಟಿಯಲ್ಲಿದ್ದ. ರಾತ್ರಿ ಫೋನಿನಲ್ಲಿ ಯಾಕಮ್ಮ ಹಿಂಗಾಯ್ತು ಎಂದಾಗ ಅವನಿಗೂ ನಾನು ನೀರಿನ ಕಥೆಯನ್ನೇ ಹೇಳಿದೆ. ಮಗುವಿಗೆ, ಹಲ್ಲನ್ನು ಇಲಿ ತಗೊಂಡು ಹೋಯಿತು, ದೊಡ್ಡವಳಾದ ಮೇಲೆ ವಾಪಸ್ ತಂದುಕೊಡುತ್ತದೆ ಎಂದೆ.

ಅಲ್ಲಿಂದ ಮಗು ಗುಬ್ಬಿಗೆ ಬರಲಿಲ್ಲ. ತುಮಕೂರಿನಲ್ಲೇ ಪ್ಲೇಹೋಮಿಗೆ, ಆಮೇಲೆ ಶಾಲೆಗೆ ಸೇರಿಸಿದರು. ನಗುವಾಗ ಅವಳು ಅಂಗೈಯಿಂದ ಬಾಯಿ ಮುಚ್ಚಿಕೊಳ್ಳುವುದನ್ನು ಕಲಿತಳು. ಹುಟ್ಟುಹಬ್ಬದ ಫೋಟೋಗಳಲ್ಲೆಲ್ಲ ಆ ಕೈ ಇದೆ. ನಾನಂತೂ ಅವಳ ಬಾಯಿ ನೋಡುವುದನ್ನೇ ಬಿಟ್ಟೆ. ಮಾತಾಡಿಸುವಾಗ ಅವಳ ಜಡೆ ನೋಡುತ್ತಿದ್ದೆ, ಹಣೆ ನೋಡುತ್ತಿದ್ದೆ.

ವರ್ಷದ ಮೇಲೆ ಸೊಸೆಗೆ ಗಂಡು ಮಗುವಾಯಿತು. ಬಾಣಂತನ ಕುಣಿಗಲ್‌ನಲ್ಲಿ, ಅವಳ ತಾಯಿಯ ಮನೆಯಲ್ಲಿ. ಐದು ತಿಂಗಳು ಕಳೆದಾಗ ಮಗ ನೆಲ ನೋಡುತ್ತ ಹೇಳಿದ, ಅವಳು ಕೆಲಸಕ್ಕೆ ಸೇರಿದ ಮೇಲೆ ಮಗು ಕುಣಿಗಲ್‌ನಲ್ಲೇ ಇರುತ್ತದೆ, ಭಾನುವಾರ ಹೋಗಿ ನೋಡಿಕೊಂಡು ಬರುತ್ತೇವೆ ಎಂದು. ಯಾಕೆ ಎಂದು ನಾನು ಕೇಳಲಿಲ್ಲ. ಮರುದಿನ ಬೆಳಿಗ್ಗೆ ಕುಣಿಗಲ್‌ಗೆ ಹೊರಟೆ.

ತುಮಕೂರಿನಲ್ಲಿ ಬಸ್ಸು ಬದಲಿಸಿ, ಕುಣಿಗಲ್‌ನಲ್ಲಿ ಇಳಿದು, ಕೆರೆ ಏರಿಯ ಕಡೆಯಿಂದ ಅವರ ಬೀದಿಗೆ ನಡೆದು ಹೋದೆ. ದಾರಿಯಲ್ಲಿ ಬೇಕರಿ ಕಂಡಿತು. ಕಾಲು ತಾನಾಗಿ ಅತ್ತ ತಿರುಗಿತು, ಬರಿಗೈಯಲ್ಲಿ ಹೋಗುವುದು ಹೇಗೆ ಎಂದು. ಆಮೇಲೆ ನಾಲಿಗೆ ಕಚ್ಚಿಕೊಂಡು ಪಕ್ಕದ ಅಂಗಡಿಯಲ್ಲಿ ಒಂದು ಹತ್ತಿಯ ಟವೆಲ್ ತೆಗೆದುಕೊಂಡೆ. ನನ್ನ ಬೀಗಿತ್ತಿ ಒಳ್ಳೆಯ ಹೆಂಗಸು. ಕಾಫಿ ಕೊಡುತ್ತ, ನನಗೋ ಮಂಡಿ ನೋವು, ತೆವಳುವ ಮಗುವಿನ ಹಿಂದೆ ಓಡಲಾರೆ, ಆದರೆ ಮಗಳು ಹಟ ಹಿಡಿದಿದ್ದಾಳೆ ಎಂದರು. ಸೊಸೆ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಿದ್ದಳು. ನಾನು ಅವಳ ಮುಂದೆ ನೆಲದ ಮೇಲೆ ಕೂತೆ. ಜೀವನದಲ್ಲಿ ಯಾರನ್ನೂ ಬೇಡಿದವಳಲ್ಲ. ಆವತ್ತು, ಇವನನ್ನ ನನಗೆ ಕೊಡು ತಾಯಿ, ಎಂದು ಕೇಳಿದೆ.

ಅವಳು ಬಹಳ ಹೊತ್ತು ಮಗುವಿನ ಕಾಲು ಸವರುತ್ತಿದ್ದಳು. ಆಮೇಲೆ ನನ್ನ ಕಣ್ಣು ನೋಡಿಯೇ ಹೇಳಿದಳು.

"ಮಗು ಗುಬ್ಬಿಗೆ ಬರಲ್ಲ. ನೀವೇ ದಿನಾ ತುಮಕೂರಿಗೆ ಬನ್ನಿ. ಬಾಟ್ಲಿ ಬೇಡ, ಸಿಹಿ ಬೇಡ. ಇವನ ಹಲ್ಲಲ್ಲಿ ಒಂದ್ ಕಲೆ ಕಂಡ್ರೂ ಅತ್ತೆ, ಅವತ್ತೇ ಇವನನ್ನ ಇಲ್ಲಿಗೆ ತಂದು ಬುಡ್ತೀನಿ. ಆಮೇಲೆ ನೀವು ಕೇಳಂಗಿಲ್ಲ."

ಒಪ್ಪಿಕೊಂಡೆ.

ಹೀಗೆ ನನ್ನ ಎರಡನೆಯ ನೌಕರಿ ಶುರುವಾಯಿತು. ಗುಬ್ಬಿಯಿಂದ ಮೊದಲ ಬಸ್ಸು ಹಿಡಿದರೆ ಸೊಸೆ ಚಪ್ಪಲಿ ಮೆಟ್ಟುವ ಹೊತ್ತಿಗೆ ಬಾಗಿಲಲ್ಲಿ ಇರುತ್ತಿದ್ದೆ. ಅವಳು ಬಂದ ಮೇಲೆ ಸಂಜೆಯ ಬಸ್ಸು. ಅದೇ ಡಾಕ್ಟರ ಹತ್ತಿರ ನಾನೇ ಹೋಗಿ, ಮೊದಲ ಸಲ ತಲೆ ತಗ್ಗಿಸಿ ಪಾಠ ಹೇಳಿಸಿಕೊಂಡೆ. ಹಲ್ಲು ಬರುವ ಮುಂಚೆ ಒದ್ದೆ ಬಟ್ಟೆಯಿಂದ ವಸಡು ಒರೆಸಬೇಕು. ಮೊದಲ ಹಲ್ಲು ಕಂಡ ದಿನದಿಂದ ಮೆತ್ತನೆಯ ಬ್ರಷ್ಷಿಗೆ ಒಂದು ಅಕ್ಕಿಕಾಳಿನಷ್ಟು ಫ್ಲೋರೈಡ್ ಪೇಸ್ಟು, ದಿನಕ್ಕೆ ಎರಡು ಸಲ. ಫ್ಲೋರೈಡ್ ನೀರು ಹಲ್ಲು ಕೆಡಿಸುತ್ತದೆ ಅಂತೀರಿ, ಅದನ್ನೇ ಹಚ್ಚಿ ಅಂತೀರಿ, ಎಂದು ನಾನು ಜಗಳ ತೆಗೆದೆ. ಅವರು ನಕ್ಕು, ಅಜ್ಜಿ, ಸಾರಿಗೆ ಉಪ್ಪು ಹಾಕಲ್ವಾ, ಹಾಕೋ ಅಳತೆ ಇರುತ್ತಲ್ಲ, ಎಂದರು. ಕೊನೆಗೆ, ವಾರಕ್ಕೊಮ್ಮೆ ಮೇಲ್ತುಟಿ ಎತ್ತಿ ವಸಡಿನ ಅಂಚು ನೋಡಿ, ಅಲ್ಲಿ ಬಿಳಿ ಗೆರೆ ಕಂಡರೆ ಅದೇ ದಿನ ಬನ್ನಿ ಎಂದರು. ನಾನು ವಾರಕ್ಕೊಮ್ಮೆ ಅಲ್ಲ, ದಿನಾ ನೋಡಿದೆ.

ಬೀದಿಯವರಿಗೆಲ್ಲ ನಾನು ಗಯ್ಯಾಳಿಯಾದೆ. ಎದುರು ಮನೆಯಾಕೆ ಮಗುವಿನ ಕೈಗಿಟ್ಟ ಬಿಸ್ಕತ್ತನ್ನು ಅವಳೆದುರೇ ಕಿತ್ತುಕೊಂಡು ನಾನೇ ತಿಂದೆ. ಸ್ಟೀಲ್ ಲೋಟದಲ್ಲಿ ಹಾಲು ಕುಡಿಸಿ, ಆದ ಮೇಲೆ ನೀರು ಕುಡಿಸುತ್ತಿದ್ದೆ. ಬೆಲ್ಲವಿಲ್ಲದ ರಾಗಿ ಸರಿಗೆ ಅವನು ಮೂತಿ ಸೊಟ್ಟ ಮಾಡಿ ನನ್ನನ್ನೇ ನೋಡುತ್ತಿದ್ದ. ಅಟ್ಟದ ತುಂಬ ಕೊಬ್ಬರಿ ಇಟ್ಟುಕೊಂಡು ಮೊಮ್ಮಗನ ಬಾಯಿಗೆ ಒಂದು ಚೂರು ಬೆಲ್ಲ ಹಾಕಲಾರದವಳಾದೆನಲ್ಲ ಎಂದು ಎಷ್ಟೋ ಸಲ ಅಳು ಬಂದಿದೆ. ಆದರೂ ಕೊಡಲಿಲ್ಲ. ಇದನ್ನು ಎದೆ ಮುಟ್ಟಿಕೊಂಡು ಹೇಳಬಲ್ಲೆ.

ಅವನಿಗೆ ಒಂದು ವರ್ಷ ಎರಡು ತಿಂಗಳು. ಒಂದು ಮಂಗಳವಾರ, ಬೆಳಿಗ್ಗೆ ಹತ್ತು ಗಂಟೆಗೆ, ಕಿಟಕಿಯ ಬೆಳಕಿಗೆ ತಿರುಗಿಸಿ ತುಟಿ ಎತ್ತಿದೆ. ಮುಂದಿನ ಎರಡು ಹಲ್ಲುಗಳ ಬುಡದಲ್ಲಿ ಬಿಳಿ ಗೆರೆ ಇತ್ತು.

ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದೆ. ಒದ್ದೆ ಬಟ್ಟೆಯಿಂದ ಒರೆಸಿ ನೋಡಿದೆ. ಅದೇ ಗೆರೆ, ಅದೇ ಜಾಗ. ಮಗುವನ್ನು ಚಾಪೆಯ ಮೇಲೆ ಕೂರಿಸಿ ಅಡುಗೆಮನೆಗೆ ಹೋದೆ. ಯಾಕೆ ಹೋದೆನೆಂದು ಗೊತ್ತಿಲ್ಲ. ನೋಡಿಕೊಂಡರೆ ನನ್ನ ಬೆರಳು ಉಪ್ಪಿನ ಡಬ್ಬಿಯಲ್ಲಿತ್ತು.

ಅಲ್ಲೇ ನಿಂತು ಯೋಚಿಸಿದೆ. ಯೋಚನೆಗಳೆಲ್ಲ ಹಳೆಯವೇ. ಇವತ್ತು ಒಂದು ದಿನ ನೋಡೋಣ, ನಾಳೆಗೆ ಹೋದರೂ ಹೋಗಬಹುದು. ಶನಿವಾರ ನಾನೊಬ್ಬಳೇ ಡಾಕ್ಟರಿಗೆ ತೋರಿಸಿಕೊಂಡು ಬಂದರಾಯಿತು, ಸೊಸೆಗೆ ಯಾಕೆ ಹೇಳಬೇಕು. ನಾನು ತಪ್ಪು ಮಾಡಿಲ್ಲವಲ್ಲ, ಮಾಡದ ತಪ್ಪಿಗೆ ಮಗುವನ್ನು ಯಾಕೆ ಕಳೆದುಕೊಳ್ಳಬೇಕು. ಹೇಳಿದರೆ ಇವನು ಇವತ್ತೇ ಕುಣಿಗಲ್‌ಗೆ ಹೋಗುತ್ತಾನೆ. ನಾಳೆಯಿಂದ ನಾನು ಯಾವ ಬಸ್ಸಿಗೂ ಹತ್ತಬೇಕಾಗಿಲ್ಲ. ಹೇಳದಿದ್ದರೆ ಇವನು ನನ್ನ ಬಳಿ ಇರುತ್ತಾನೆ, ಹಲ್ಲು ಹೋಗುತ್ತದೆ. ಎರಡೂ ನನಗೆ ಸ್ಪಷ್ಟವಾಗಿ ಕಾಣುತ್ತಿದ್ದವು.

ಸಂಜೆಯವರೆಗೆ ಕಾದರೆ ನನ್ನ ಬಾಯಿ ಮುಚ್ಚಿಹೋಗುತ್ತದೆ ಎಂಬುದೂ ಗೊತ್ತಿತ್ತು. ನನ್ನನ್ನು ನಾನು ಚೆನ್ನಾಗಿ ಬಲ್ಲೆ. ಸೊಸೆಯ ಫೋನು ಕೆಲಸದ ಹೊತ್ತಿನಲ್ಲಿ ಲಾಕರಿನಲ್ಲಿರುತ್ತದೆ. ಕೈ ತೊಳೆದು, ಮಗುವಿಗೆ ಟೋಪಿ ಹಾಕಿ, ಬಾಗಿಲಿಗೆ ಬೀಗ ಹಾಕಿಕೊಂಡು, ಬೀದಿಯ ತುದಿಯಲ್ಲಿ ಆಟೋ ಹತ್ತಿ ಅಂತರಸನಹಳ್ಳಿಗೆ ಹೊರಟೆ.

ಗೇಟಿನ ಸೆಕ್ಯುರಿಟಿಯವನು ಊಟದ ಬೆಲ್ಲು ಹೊಡೆಯುವ ಮುಂಚೆ ಯಾರನ್ನೂ ಹೊರಗೆ ಬಿಡುವಂತಿಲ್ಲ ಎಂದ. ಇನ್ನೂ ಒಂದೂವರೆ ಗಂಟೆ ಇತ್ತು. ಗೇಟಿನ ಎದುರು ಬೇವಿನ ಮರದ ಕೆಳಗೆ ಕೂತೆ. ಲಾರಿಗಳು ಹೋಗಿ ಬಂದು ಧೂಳು. ಮಗು ಅಳಲು ಶುರು ಮಾಡಿತು. ಆತುರದಲ್ಲಿ ನೀರಿನ ಬಾಟಲಿ ಬಿಟ್ಟು ಬೇರೇನೂ ತಂದಿರಲಿಲ್ಲ. ಸೆಕ್ಯುರಿಟಿಯವನಿಗೆ ಮರುಕ ಬಂದು ಜೇಬಿನಿಂದ ಒಂದು ಚಾಕಲೇಟು ತೆಗೆದು ಸುಲಿಯುತ್ತ ಬಂದ. ನಾನು ಅವನ ಮೇಲೆ ಹರಿಹಾಯ್ದೆ. ಪಾಪ, ಅವನು ಹೆದರಿ ವಾಪಸ್ ಹೋಗಿ ತಾನೇ ತಿಂದುಕೊಂಡ. ಆ ಒಂದೂವರೆ ಗಂಟೆಯಲ್ಲಿ ಮೂರು ಸಲ ಎದ್ದು ನಿಂತೆ, ಮನೆಗೆ ಹೋಗಿಬಿಡೋಣ ಎಂದು. ಮೂರನೆಯ ಸಲ ಆಟೋಗೆ ಕೈಯನ್ನೂ ತೋರಿಸಿದೆ. ಅದರಲ್ಲಿ ಜನ ಇದ್ದರು, ನಿಲ್ಲಲಿಲ್ಲ.

ಬೆಲ್ಲು ಹೊಡೆಯಿತು. ಸೆಕ್ಯುರಿಟಿಯವನು ಒಳಗೆ ಹೇಳಿ ಕಳಿಸಿದ್ದಿರಬೇಕು, ಸೊಸೆ ಓಡುತ್ತಲೇ ಬಂದಳು. ಕೊರಳಲ್ಲಿ ಐಡಿ ಕಾರ್ಡು, ತಲೆಗೆ ಬಟ್ಟೆ, ಮುಖದಲ್ಲಿ ರಕ್ತವಿಲ್ಲ. ಮಗುವನ್ನು ಕಸಿದುಕೊಂಡು ಮೈಯೆಲ್ಲ ಮುಟ್ಟಿ ನೋಡಿದಳು. ಏನೂ ಆಗಿಲ್ಲ ಎಂದು ಹೇಳಿ, ಅವಳ ತೋಳಿನಲ್ಲಿದ್ದ ಹಾಗೇ ಮಗುವಿನ ಮೇಲ್ತುಟಿ ಎತ್ತಿ ಬಿಸಿಲಿಗೆ ತೋರಿಸಿದೆ. ಅವಳು ಬಾಗಿ ನೋಡಿದಳು.

"ಯಾವಾಗ ನೋಡಿದ್ರಿ?"

"ಇವತ್ತು ಹತ್ತು ಗಂಟೆಗೆ. ನಿನ್ನೆ ಇರ್ಲಿಲ್ಲ, ಇದ್ರೂ ನಂಗೆ ಕಾಣ್ಲಿಲ್ಲ. ನಾನೇನೂ ಕೊಟ್ಟಿಲ್ಲ ಕಣವ್ವ. ಆದ್ರೆ ಕಂಡೈತೆ, ಅದಕ್ಕೆ ಬಂದೆ."

ಅವಳು ತಲೆ ಎತ್ತಲಿಲ್ಲ. ಮಗುವಿನ ಟೋಪಿ ಸರಿ ಮಾಡುತ್ತ ಮೆಲ್ಲಗೆ ಕೇಳಿದಳು. "ಅವಳದ್ದು ಯಾವಾಗ ನೋಡಿದ್ರಿ ಅತ್ತೆ?"

ಎರಡು ವರ್ಷ ಈ ಪ್ರಶ್ನೆಗೆ ಹೆದರಿಕೊಂಡೇ ಬದುಕಿದ್ದೆ. ಒಂದೆರಡು ವಾರ ಎಂಬ ಮಾತು ಈಗಲೂ ನಾಲಿಗೆಯ ತುದಿಯಲ್ಲಿತ್ತು.

"ಹಲ್ಲು ಕೀಳ್ಸೋಕೆ ಎಂಟು ತಿಂಗಳು ಮುಂಚೆ. ಹುಣಸೆ ಬಡಿಯೋ ಟೈಮಲ್ಲಿ. ಬೆಳ್ಳಗಿದ್ದಾಗ್ಲೇ ನೋಡಿದ್ದೆ. ನೀನು ಬರೋಕ್ ಮುಂಚೆ ಉಪ್ಪಾಕಿ ತಿಕ್ಕಿದ್ದೆ, ಕಾಣ್ದಿರ್ಲಿ ಅಂತ."

ಸುತ್ತ ಹೆಣ್ಣುಮಕ್ಕಳು ಡಬ್ಬಿ ಬಿಚ್ಚಿಕೊಂಡು ಕೂತಿದ್ದರು, ನಗುತ್ತಿದ್ದರು. ಹೊಡೆದರೂ ಹೊಡೆಯಲಿ ಎಂದು ನಾನು ನಿಂತೇ ಇದ್ದೆ. ಅವಳು ಮಗುವನ್ನು ನನ್ನ ಕೈಗೆ ಕೊಟ್ಟು, ಸಂಜೆ ಆರಕ್ಕೆ ಡಾಕ್ಟರ ಹತ್ತಿರ ಬನ್ನಿ, ನಿಮ್ಮ ಮಗನಿಗೂ ಬರೋದಕ್ಕೆ ಹೇಳುತ್ತೇನೆ ಎಂದಷ್ಟೇ ಹೇಳಿ ಒಳಗೆ ಹೋದಳು. ಊಟ ಮಾಡಿದಳೋ ಇಲ್ಲವೋ ಗೊತ್ತಿಲ್ಲ.

ಸಂಜೆ ಮಗನೂ ಬಂದ. ಮೊಮ್ಮಗಳು ಅಪ್ಪನ ಬೆರಳು ಹಿಡಿದುಕೊಂಡು ನಿಂತಿದ್ದಳು. ಡಾಕ್ಟರು ದೀಪದ ಕೆಳಗೆ ಬಹಳ ಹೊತ್ತು ನೋಡಿದರು. ತೂತಾಗಿಲ್ಲ, ಈಗಷ್ಟೇ ಶುರುವಾಗಿದೆ, ಇಲ್ಲಿಗೇ ನಿಲ್ಲಿಸಬಹುದು ಎಂದರು. ಒಂದು ಲೇಪ ತೆಗೆದುಕೊಂಡು ಪುಟ್ಟ ಬ್ರಷ್ಷಿನಲ್ಲಿ ಹಲ್ಲಿಗೆ ಬಳಿದರು. ಮೂರು ತಿಂಗಳಿಗೊಮ್ಮೆ ಬಂದು ಬಳಿಸಬೇಕು, ಆದರೆ ಕಾರಣ ನಿಲ್ಲದೆ ಇದು ನಿಲ್ಲುವುದಿಲ್ಲ ಎಂದರು. ಹಗಲು ಏನು ಕೊಡುತ್ತೀರೆಂದು ನನ್ನನ್ನು ಕೇಳಿದರು. ಒಂದೊಂದೂ ಹೇಳಿದೆ. ರಾತ್ರಿ ಏನು ಕೊಡುತ್ತೀರೆಂದು ಸೊಸೆಯನ್ನು ಕೇಳಿದರು. ನೀರು ಮಾತ್ರ ಎಂದಳು.

ಮಗ ಗಂಟಲು ಸರಿ ಮಾಡಿಕೊಂಡ.

ರಾತ್ರಿ ಮಗು ಎದ್ದರೆ ಇವಳಿಗೆ ಎಚ್ಚರವಾಗುತ್ತದೆ, ಬೆಳಿಗ್ಗೆ ಡ್ಯೂಟಿಗೆ ನಿಲ್ಲಲಾರಳು ಎಂದು ತಾನೇ ಎತ್ತಿಕೊಂಡು ಹಳೆಯ ಬಾಟಲಿಯಲ್ಲಿ ಹಾಲು ಕೊಡುತ್ತಿದ್ದನಂತೆ. ಒಂದು ತಿಂಗಳಿಂದ. ಅದಕ್ಕೆ ಸ್ವಲ್ಪ ಸಕ್ಕರೆ. ಕೊಟ್ಟು, ಬೆಳಿಗ್ಗೆ ಅವಳು ಏಳುವ ಮುಂಚೆ ತೊಳೆದು ಮೇಲಿಡುತ್ತಿದ್ದನಂತೆ. ಬಾಟಲಿ ಬೇಡ ಎಂದು ಅವಳು ಹೇಳುತ್ತಿದ್ದುದು ಅಮ್ಮನ ಮೇಲಿನ ಸಿಟ್ಟಿಗೆ ಎಂದುಕೊಂಡಿದ್ದನಂತೆ.

ನನ್ನ ಸಿಟ್ಟು ನೆತ್ತಿಗೇರಿತು. "ನಿಂಗೇನ್ಲಾ ಬುದ್ಧಿ ಇಲ್ವಾ? ಮಗಳ ಹಲ್ಲು ಹೋಗಿದ್ದು ಕಣ್ಣಾರೆ ಕಂಡಿಲ್ವಾ?" ಎಂದೆ.

ಅವನು ತಬ್ಬಿಬ್ಬಾಗಿ ನನ್ನನ್ನು ನೋಡಿದ. "ಅದು ನೀರಿಂದ ಹೋಯ್ತು ಅಂದ್ಯಲ್ಲಮ್ಮ. ಬಾಟ್ಲಿಲಿ ಸಿಹಿ ಹಾಲು ಕೊಟ್ರೆ ಎರಡೇ ನಿಮಿಷಕ್ಕೆ ಮಲಗ್ತವೆ ಅಂತ ನೀನೇ ಹೇಳ್ಕೊಟ್ಟಿದ್ದು."

ಡಾಕ್ಟರು ಕೈಗವಸು ಬಿಚ್ಚುತ್ತಿದ್ದರು. ಸೊಸೆ ಗೋಡೆಯ ಕಡೆ ನೋಡುತ್ತಿದ್ದಳು. ಗೇಟಿನ ಹತ್ತಿರ ನಿಜ ಹೇಳಿ ಹಗುರಾದೆ ಎಂದುಕೊಂಡಿದ್ದೆ. ನಾನು ಆಡಿದ ಸುಳ್ಳು ಆ ಮನೆಯಲ್ಲಿ ಎರಡು ವರ್ಷದಿಂದ ಕೆಲಸ ಮಾಡುತ್ತಲೇ ಇತ್ತು. ಅಲ್ಲೇ, ಎಲ್ಲರೆದುರಿಗೆ, ಅದು ನೀರಲ್ಲ ಕಣಪ್ಪ, ನಾನು ಕೊಟ್ಟ ಬಾಟಲಿ ಎಂದು ಮಗನಿಗೆ ಹೇಳಿದೆ. ಅವನು ಮಗಳನ್ನು ಎತ್ತಿಕೊಂಡು ಹೊರಗೆ ಹೋದ.

ಮಗು ನಾಳೆ ಎಲ್ಲಿರುತ್ತದೆ ಎಂದು ನಾನು ಕೇಳಲಿಲ್ಲ. ಬಸ್ ಸ್ಟಾಪಿನವರೆಗೆ ಬಂದ ಸೊಸೆ ನಾಳೆ ಹೇಳುತ್ತೇನೆ ಎಂದಳು. ಅವಳ ತಾಯಿಗೆ ಆಗಲೇ ಫೋನ್ ಮಾಡಿದ್ದಾಳೆಯೇ ಎಂದು ಕೇಳಬೇಕೆನಿಸಿತು, ಕೇಳುವ ಹಕ್ಕು ನನಗಿರಲಿಲ್ಲ.

ಬುಧವಾರ ಬೆಳಿಗ್ಗೆ ಅಭ್ಯಾಸದಂತೆ ಗುಬ್ಬಿ ಬಸ್ ಸ್ಟ್ಯಾಂಡಿಗೆ ಬಂದೆ. ಮೊದಲ ಬಸ್ಸು ಬಂದು ನಿಂತಿತು. ಕಂಡಕ್ಟರು ಪರಿಚಯದವನು, ಬನ್ನಿ ಮಿಸ್ ಎಂದು ಕರೆದ. ನಾನು ಹತ್ತಲಿಲ್ಲ. ಕರೆಯದ ಮನೆಗೆ ಯಾವ ಮುಖ ಹೊತ್ತು ಹೋಗಲಿ? ಬಸ್ಸು ಹೋಯಿತು. ಫೋನನ್ನು ಕೈಯಲ್ಲಿ ಹಿಡಿದುಕೊಂಡು ಕಲ್ಲುಬೆಂಚಿನ ಮೇಲೆ ಕೂತೆ. ಎರಡನೆಯ ಬಸ್ಸು ಬರುವ ಹೊತ್ತಿಗೆ ಫೋನು ಬಂತು.

"ಎಲ್ಲಿದೀರಾ ಅತ್ತೆ? ಇನ್ನೂ ಬಂದಿಲ್ವಲ್ಲ. ನಂಗೆ ಲೇಟಾಯ್ತದೆ," ಎಂದಳು ಸೊಸೆ.

ನಾನು ಹೋದಾಗ ಅವಳು ಚಪ್ಪಲಿ ಮೆಟ್ಟಿ ಬಾಗಿಲಲ್ಲೇ ನಿಂತಿದ್ದಳು. ಒಳಗೆ ಕರೆಯಲಿಲ್ಲ, ಕ್ಷಮಿಸಿದೆ ಎಂದೂ ಹೇಳಲಿಲ್ಲ. ಇವತ್ತಿಗೂ ಹೇಳಿಲ್ಲ. ಮಗುವನ್ನು ಬೆಳಕಿಗೆ ತಿರುಗಿಸಿ ತುಟಿ ಎತ್ತಿದಳು. "ಇವತ್ತು ಹಿಂಗೈತೆ. ಸರಿಯಾಗಿ ನೋಡ್ಕಳಿ. ಸಂಜೆ ನಾನ್ ಬಂದ್ಮೇಲೆ ಇಬ್ರೂ ನೋಡಣ," ಎಂದು ನನ್ನ ತೋಳಿಗೆ ಹಾಕಿ ಬಸ್ಸಿಗೆ ಓಡಿದಳು.

ಮೊಮ್ಮಗಳು ಯೂನಿಫಾರಂ ಹಾಕಿಕೊಂಡು ಶಾಲೆಯ ವ್ಯಾನಿಗೆ ಕಾಯುತ್ತಿದ್ದಳು. ನಾವು ಮಾಡಿದ್ದನ್ನೆಲ್ಲ ನೋಡುತ್ತಿದ್ದಳು, ಅಂಗೈ ಬಾಯಿಯ ಮೇಲಿತ್ತು. ಹತ್ತಿರ ಬಂದು, ಅಜ್ಜಿ ನಂದೂ ನೋಡು, ಎಂದು ಕೈ ತೆಗೆದು ತಾನೇ ತುಟಿ ಎತ್ತಿದಳು.

ಕನ್ನಡಕ ಸರಿ ಮಾಡಿಕೊಂಡು ಅವಳ ಗಲ್ಲ ಹಿಡಿದೆ. ಎರಡು ವರ್ಷದಿಂದ ತಪ್ಪಿಸಿಕೊಂಡು ಬಂದಿದ್ದ ಜಾಗವನ್ನು ನೋಡಿದೆ. ಬರೀ ವಸಡು.

"ಇಲಿ ಯಾವಾಗ ವಾಪಸ್ ತಂದ್ಕೊಡುತ್ತೆ?" ಎಂದು ಕೇಳಿದಳು.

"ಇಲಿ ತಗೊಂಡೋಗ್ಲಿಲ್ಲ ಮಗ," ಅಂದೆ. "ಅಜ್ಜಿ ನೋಡಿದ್ಲು, ನೋಡಿನೂ ಯಾರಿಗೂ ಹೇಳ್ಲಿಲ್ಲ. ಅದಕ್ಕೆ ಹೋದ್ವು."